ಫೋನಿನಲ್ಲಿ ನಾನೂರು ಚೌಕ: ಜಪಾನಿ ಲಂಬ ಹಸ್ತಪ್ರತಿ ಕೂರಿಸುವ ಬಗೆ

ಜಪಾನಿನಲ್ಲಿ ಕಾದಂಬರಿ ಸ್ಪರ್ಧೆಗೆ ಕಳಿಸುವ ಹಸ್ತಪ್ರತಿ ಇವತ್ತಿಗೂ ಹೆಚ್ಚಾಗಿ ‘ತಾತೆಗಾಕಿ’ಯಲ್ಲೇ ಇರಬೇಕು. ಅಂದರೆ ಸಾಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಆದರೆ ಬರೆಯುವವರಲ್ಲಿ ಎಷ್ಟೋ ಮಂದಿ ಮೊದಲ ಕರಡನ್ನು ಫೋನಿನಲ್ಲಿ, ಅಡ್ಡಸಾಲಿನಲ್ಲಿ, ಹೆಬ್ಬೆರಳಿನಲ್ಲೇ ಮುಗಿಸುತ್ತಾರೆ. ಆ ಅಡ್ಡ ಬರಹವನ್ನು ನೆಟ್ಟಗೆ ನಿಲ್ಲಿಸಿದಾಗ ಅಂಕಿಗಳು ಮಗ್ಗುಲಾಗುತ್ತವೆ, ಸಾಲಿನ ನಡುವೆ ಎಲ್ಲಿಂದಲೋ ಒಂದು ಅಡ್ಡಗೆರೆ ಬಂದು ಕೂರುತ್ತದೆ, ಪುಟಗಳ ಲೆಕ್ಕ ತಪ್ಪುತ್ತದೆ. ಆಗ ಎಲ್ಲರೂ ಆ್ಯಪನ್ನು ಬೈಯುತ್ತಾರೆ. ನಿಜವಾದ ಕಾರಣ ಬಹುತೇಕ ಸಲ ಬರಹದ ಒಳಗೇ ಇರುತ್ತದೆ: ನೋಡಲು ಒಂದೇ ತರಹ ಇರುವ ಬೇರೆ ಅಕ್ಷರವನ್ನು ಒತ್ತಿರುತ್ತಾರೆ. ಅಕ್ಷರ ಸರಿಯಿದ್ದರೆ ಪುಟ ಮುಕ್ಕಾಲುಪಾಲು ತಾನೇ ಕೂರುತ್ತದೆ.

ಲೆಕ್ಕದ ಮೂಲಮಾನ ‘ಗೆಂಕೋ ಯೋಶಿ’ ಎಂಬ ಚೌಕದ ಹಾಳೆ. 20 ಚೌಕದ 20 ಸಾಲು, ಒಟ್ಟು 400. ನಡುವೆ ಮಡಚುವ ಜಾಗದಲ್ಲಿ ಮೀನಿನ ಬಾಲದಂಥ ಗುರುತು. ಸಾಲು ಸಾಲಿನ ಮಧ್ಯೆ ಕಿರಿದಾದ ಖಾಲಿ ಪಟ್ಟಿ. ಕಾಂಜಿ, ಅಂದರೆ ಚೀನಿ ಮೂಲದ ಅಕ್ಷರದ ಉಚ್ಚಾರಣೆಯನ್ನು ಪುಟ್ಟದಾಗಿ ಬರೆಯಲು ಅದು ಬೇಕು. 20×20ರ ಈ ಮಾದರಿಯನ್ನು ಅಂಧ ವಿದ್ವಾಂಸ ಹನಾವಾ ಹೊಕಿಇಚಿ (1746–1821) ಸಂಪಾದಿಸಿದ ಬೃಹತ್ ಗ್ರಂಥಮಾಲೆಯ ಮರದ ಅಚ್ಚುಗಳಿಗೆ ಜೋಡಿಸಿ ಹೇಳುವ ರೂಢಿಯಿದೆ. ಆ ಅಚ್ಚುಗಳಲ್ಲಿ ಸುಮಾರು 17,000 ಇಂದಿಗೂ ಟೋಕಿಯೋದ ಶಿಬುಯಾದಲ್ಲಿ ಕಾಪಾಡಲ್ಪಟ್ಟಿವೆ. ಕಂಪ್ಯೂಟರ್ ಬಂದು ಇಷ್ಟು ಕಾಲವಾದರೂ ಸ್ಪರ್ಧೆಗಳ ನಿಯಮದಲ್ಲಿ ‘400 ಅಕ್ಷರದ ಹಾಳೆಯ ಲೆಕ್ಕದಲ್ಲಿ ಇಷ್ಟು ಹಾಳೆ’ ಎಂಬ ಮಾತು ಉಳಿದಿದೆ.

ಈಗ ತಂತ್ರಾಂಶ ಒಂದು ಅಕ್ಷರವನ್ನು ಲಂಬ ಸಾಲಿನಲ್ಲಿ ಹೇಗೆ ನಿಲ್ಲಿಸುತ್ತದೆ ನೋಡೋಣ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಮಾನದಂಡದಲ್ಲಿ ಪ್ರತಿ ಅಕ್ಷರಕ್ಕೂ ‘ಲಂಬ ನಿಲುವು’ ಎಂಬ ಗುಣ ನಿಗದಿಯಾಗಿದೆ. ಕಾಂಜಿ, ಮತ್ತು ‘ಕಾನಾ’ ಎನ್ನುವ ಎರಡು ಉಚ್ಚಾರಣಾ ಲಿಪಿಗಳಾದ ಹಿರಗಾನಾ, ಕತಕಾನಾ ನೆಟ್ಟಗೇ ನಿಲ್ಲುತ್ತವೆ. ರೋಮನ್ ಅಕ್ಷರ, ಅರ್ಧ ಅಗಲದ (ಅರ್ಧ ಚೌಕ ಹಿಡಿಯುವ) ಅಂಕಿ 90 ಡಿಗ್ರಿ ತಿರುಗಿ ಮಲಗುತ್ತವೆ. ಮೂರನೇ ಗುಂಪೇ ಸೂಕ್ಷ್ಮ: ಇವಕ್ಕೆ ಲಂಬ ಬರಹದಲ್ಲಿ ಬೇರೆಯೇ ರೂಪ ಬೇಕು. ಪೂರ್ಣವಿರಾಮದ ಪುಟ್ಟ ವೃತ್ತ ಅಡ್ಡ ಬರಹದಲ್ಲಿ ಚೌಕದ ಕೆಳ ಎಡಮೂಲೆಯಲ್ಲಿರುತ್ತದೆ, ಲಂಬದಲ್ಲಿ ಮೇಲಿನ ಬಲಮೂಲೆಗೆ ಏರಬೇಕು. ಸಂಭಾಷಣೆಯ ಕೊಕ್ಕೆ ಆವರಣ (「 」) ತಿರುಗಬೇಕು. ಚಿಕ್ಕ ಗಾತ್ರದ ಕಾನಾ ಬಲಕ್ಕೆ ಸರಿಯಬೇಕು. ಈ ಬದಲಿ ರೂಪಗಳು ಫಾಂಟಿನೊಳಗೆ ಇರುತ್ತವೆ. ಆ್ಯಪ್ ಕೇಳಿದರೆ ಫಾಂಟ್ ಕೊಡುತ್ತದೆ. ಕೇಳದ ಆ್ಯಪ್‌ನಲ್ಲೋ, ಆ ರೂಪವೇ ಇಲ್ಲದ ಫಾಂಟಿನಲ್ಲೋ ವೃತ್ತ ಕೆಳ ಎಡಮೂಲೆಯಲ್ಲೇ ಉಳಿದು ಮುಂದಿನ ಅಕ್ಷರಕ್ಕೆ ಅಂಟುತ್ತದೆ. ಹೊಸ ಆ್ಯಪ್ ಹಾಕಿಕೊಂಡ ಕೂಡಲೇ ಮೊದಲು ನೋಡಬೇಕಾದ ಜಾಗ ಇದೇ.

ಕನ್ನಡದ ಅಕ್ಷರಗಳಿಗೆ ನಿಗದಿಯಾದ ನಿಲುವು ‘ತಿರುಗಿ ಮಲಗುವುದು’. ಜಪಾನಿ ಲಂಬ ಪುಟದ ನಡುವೆ ಕನ್ನಡದಲ್ಲೊಂದು ಊರಿನ ಹೆಸರು ಹಾಕಿದರೆ ಅದು ಮಗ್ಗುಲಾಗಿ ಕೆಳಕ್ಕೆ ಓಡುತ್ತದೆ. ಅದು ದೋಷವಲ್ಲ, ಹಾಗೇ ಬಿಡುವುದು ವಾಸಿ. ಒತ್ತಾಯ ಮಾಡಿ ನೆಟ್ಟಗೆ ನಿಲ್ಲಿಸಹೋದರೆ ಒತ್ತಕ್ಷರ ಬಿಡಿಬಿಡಿಯಾಗುವ ಅಪಾಯವಿದೆ.

ಹೆಚ್ಚು ಕಾಟ ಕೊಡುವುದು ಗೆರೆಗಳು. ಕತಕಾನಾದಲ್ಲಿ ಸ್ವರ ಎಳೆಯಲು ಒಂದು ದೀರ್ಘಚಿಹ್ನೆಯಿದೆ, ಯೂನಿಕೋಡ್ ಸಂಖ್ಯೆ 30ಎಫ್‌ಸಿ. ಕಾಂಜಿಯಲ್ಲಿ ‘ಒಂದು’ ಎಂಬ ಅಕ್ಷರವೂ ಒಂದೇ ಅಡ್ಡಗೆರೆ, ಸಂಖ್ಯೆ 4ಇ00. ವಾಕ್ಯದ ನಡುವಿನ ಉದ್ದಗೆರೆ ಇನ್ನೊಂದು, ಸಂಖ್ಯೆ 2015. ಅಡ್ಡ ಬರಹದಲ್ಲಿ, ಗೆರೆಗಳೆಲ್ಲ ಒಂದೇ ದಪ್ಪವಿರುವ ಫೋನಿನ ಗಾಥಿಕ್ ಫಾಂಟಿನಲ್ಲಿ ಮೂರನ್ನೂ ಬೇರ್ಪಡಿಸುವುದು ಕಷ್ಟ. ಲಂಬಕ್ಕೆ ತಿರುಗಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ದೀರ್ಘಚಿಹ್ನೆ, ಉದ್ದಗೆರೆ ಎರಡೂ ನೆಟ್ಟಗಾಗುತ್ತವೆ; ಕಾಂಜಿಯ ‘ಒಂದು’ ಮಾತ್ರ ಅಡ್ಡವೇ ಉಳಿಯುತ್ತದೆ. ‘ರಾಮೆನ್’ ಪದದ ದೀರ್ಘಚಿಹ್ನೆಯ ಜಾಗದಲ್ಲಿ ಕಾಂಜಿ ಬಿದ್ದಿದ್ದರೆ, ‘ರಾ’ ಕೆಳಗೆ ನಿಂತ ಗೆರೆ ಬರಬೇಕಾದ ಕಡೆ ಮಲಗಿದ ಗೆರೆ ಬಂದು ಪದ ಎರಡು ತುಂಡಾಗಿ ಕಾಣುತ್ತದೆ. ಪರಿಹಾರ ಸುಲಭ: ಹುಡುಕುವ ಪೆಟ್ಟಿಗೆಯಲ್ಲಿ ಕಾಂಜಿ ‘ಒಂದು’ ಹಾಕಿ, ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ನೋಡಿ. ‘ಎಲ್ಲ ಬದಲಿಸು’ ಗುಂಡಿ ಒತ್ತಬೇಡಿ. ನಿಜವಾದ ‘ಒಂದು’ಗಳೂ ಹಾಳಾಗುತ್ತವೆ.

ವಾಕ್ಯದ ಉದ್ದಗೆರೆಯನ್ನು ಎರಡು ಚೌಕ ತುಂಬುವಂತೆ ಜೋಡಿಯಾಗಿ ಹಾಕುವುದು ಮುದ್ರಣದ ಪದ್ಧತಿ. ಅರ್ಧಕ್ಕೆ ನಿಲ್ಲಿಸಿದ ಮಾತಿನ ಚುಕ್ಕೆಗಳೂ ಹಾಗೆಯೇ: ಒಂದು ಚಿಹ್ನೆಯಲ್ಲಿ ಮೂರು ಚುಕ್ಕೆ, ಎರಡು ಚಿಹ್ನೆ ಸೇರಿ ಆರು ಚುಕ್ಕೆ. ಫೋನಿನಲ್ಲಿ ಬೇಗ ಸಿಗುವ ನಡುಚುಕ್ಕೆಯನ್ನೇ ಮೂರು ಸಲ ಒತ್ತಿಬಿಡುವ ಅಭ್ಯಾಸ ಬಹಳ ಜನಕ್ಕಿದೆ. ಅದು ಮೂರು ಚೌಕ ತಿನ್ನುತ್ತದೆ, ಚುಕ್ಕೆಗಳ ಅಂತರವೂ ವಿಪರೀತ. ಕೀಬೋರ್ಡಿನಲ್ಲಿ ‘ಸಾನ್ತೆನ್’ (ಮೂರು ಚುಕ್ಕೆ) ಎಂದು ಟೈಪ್ ಮಾಡಿ, ಅದು ತೋರಿಸುವ ಪಟ್ಟಿಯಿಂದ ಚಿಹ್ನೆಯಾಗಿ ಪರಿವರ್ತಿಸಿ, ಸರಿಯಾದ ಜೋಡಿಯನ್ನು ಬಳಕೆದಾರರ ನಿಘಂಟಿನಲ್ಲಿ ಸೇರಿಸಿಟ್ಟರೆ ಮುಂದೆ ಎರಡು ಅಕ್ಷರಕ್ಕೇ ಬರುತ್ತದೆ.

ಅಂಕಿಗಳ ನಿಯಮ ಹೀಗೆ. ಒಂಟಿ ಅಂಕಿಯನ್ನು ಪೂರ್ಣ ಅಗಲದಲ್ಲಿ, ಅಂದರೆ ಇಡೀ ಚೌಕ ಹಿಡಿಯುವಂತೆ ಹಾಕಿ, ಅದು ನೆಟ್ಟಗೆ ನಿಲ್ಲುತ್ತದೆ. 12ರಂಥ ಎರಡಂಕಿಯನ್ನು ಅರ್ಧ ಅಗಲದಲ್ಲಿ ಹಾಕಿ, ಒಂದೇ ಚೌಕದಲ್ಲಿ ಅಕ್ಕಪಕ್ಕ ಕೂರಿಸಬೇಕು. ಇದಕ್ಕೆ ‘ತಾತೆಚೂಯೋಕೊ’ ಎನ್ನುತ್ತಾರೆ, ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಬೇಕಾಗಬಹುದು. ಇಸವಿಯಂಥ ದೊಡ್ಡ ಸಂಖ್ಯೆಗೆ ಕಾಂಜಿ ಅಂಕಿಯೇ ಸರಿ. ಆಶ್ಚರ್ಯ ಮತ್ತು ಪ್ರಶ್ನೆ ಚಿಹ್ನೆಗಳೂ ಪೂರ್ಣ ಅಗಲದಲ್ಲಿರಲಿ, ಅವುಗಳ ಬಳಿಕ ಒಂದು ಚೌಕ ಖಾಲಿ ಬಿಡಿ. ಮುಂದಿನದು ಮುಚ್ಚುವ ಆವರಣವಾದರೆ ಮಾತ್ರ ಬಿಡುವುದು ಬೇಡ. ಆಶ್ಚರ್ಯ, ಪ್ರಶ್ನೆ ಎರಡೂ ಒಟ್ಟಿಗಿರುವ ಒಂದೇ ಸಂಯುಕ್ತ ಚಿಹ್ನೆಯೂ ಯೂನಿಕೋಡ್‌ನಲ್ಲಿದೆ. ಅದನ್ನು ಬಳಸಿದರೆ ಕೆಲವು ಫೋನುಗಳು ಬಣ್ಣದ ಇಮೋಜಿಯಾಗಿ ತೋರಿಸುತ್ತವೆ, ಪಿಡಿಎಫ್‌ನಲ್ಲೂ ಅದೇ ಬಣ್ಣ ಬಂದುಬಿಡಬಹುದು. ಅರ್ಧ ಅಗಲದ ಎರಡು ಚಿಹ್ನೆ ಹಾಕಿ ತಾತೆಚೂಯೋಕೊ ಮಾಡುವುದೇ ನೆಮ್ಮದಿ.

ಖಾಲಿ ಜಾಗದಲ್ಲೂ ಎರಡು ಬಗೆ. ಪ್ಯಾರಾದ ಮೊದಲ ಚೌಕ ಖಾಲಿ ಇರಬೇಕು, ಅದಕ್ಕೆ ಪೂರ್ಣ ಅಗಲದ ಸ್ಪೇಸ್ (ಸಂಖ್ಯೆ 3000) ಬೇಕು. ಇಂಗ್ಲಿಷ್ ಕೀಬೋರ್ಡಿನ ಸ್ಪೇಸ್ ಚೌಕಕ್ಕಿಂತ ಕಿರಿದು, ಅಲ್ಲಿಂದ ಮುಂದೆ ಇಡೀ ಸಾಲು ಚೌಕಕ್ಕೆ ತಾಳೆಯಾಗುವುದಿಲ್ಲ. ಸಂಭಾಷಣೆಯ ಆವರಣದಿಂದ ಶುರುವಾಗುವ ಸಾಲಿಗೆ ಈ ಖಾಲಿ ಚೌಕ ಬಿಡುವುದಿಲ್ಲ. ಮುಚ್ಚುವ ಆವರಣದ ಮುಂಚೆ ಪೂರ್ಣವಿರಾಮ ಹಾಕಲು ಶಾಲೆಯಲ್ಲಿ ಕಲಿಸುತ್ತಾರೆ, ಪ್ರಕಾಶನದಲ್ಲಿ ಹಾಕುವುದಿಲ್ಲ. ಸ್ಪರ್ಧೆಗೆ ಕಳಿಸುವಾಗ ಎರಡನೇ ಪದ್ಧತಿ ಹಿಡಿಯಿರಿ.

ವೆಬ್‌ನಲ್ಲಿ ಪ್ರಕಟಿಸುತ್ತ ಬಂದ ಕಥೆಯಾದರೆ ಸಂಭಾಷಣೆಯ ಹಿಂದೆ ಮುಂದೆ ಖಾಲಿ ಸಾಲುಗಳು ತುಂಬಿರುತ್ತವೆ. ಫೋನಿನಲ್ಲಿ ಓದಲು ಅದು ಹಿತ, ಹಸ್ತಪ್ರತಿಯಲ್ಲಿ ಪುಟ ನುಂಗುತ್ತದೆ. ಅಳಿಸುವಾಗ ಕ್ರಮ ಮುಖ್ಯ. ಮೊದಲು ದೃಶ್ಯ ಬದಲಾಗುವ ಕಡೆಯ ಖಾಲಿ ಸಾಲಿನಲ್ಲಿ ಒಂದು ವಜ್ರದ ಗುರುತು ಹಾಕಿ. ಆಮೇಲೆ ‘ಸತತ ಎರಡು ಎಂಟರ್’ ಅನ್ನು ‘ಒಂದು ಎಂಟರ್’ ಎಂದು ಬದಲಿಸಿ, ಇನ್ನೇನೂ ಸಿಗದವರೆಗೆ ಮತ್ತೆ ಮತ್ತೆ ಮಾಡಿ. ಕೊನೆಗೆ ಆವರಣದಿಂದಾಗಲಿ, ಪೂರ್ಣ ಸ್ಪೇಸ್‌ನಿಂದಾಗಲಿ, ವಜ್ರದಿಂದಾಗಲಿ ಶುರುವಾಗದ ಸಾಲಿನ ಮೊದಲಿಗೆ ಪೂರ್ಣ ಸ್ಪೇಸ್ ಸೇರಿಸಿ. ಗುರುತು ಹಾಕುವ ಮೊದಲ ಹೆಜ್ಜೆ ಬಿಟ್ಟರೆ ದೃಶ್ಯಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೇರ್ಪಡಿಸಲು ಇಡೀ ಕಾದಂಬರಿ ಓದಬೇಕಾಗುತ್ತದೆ.

ಉಚ್ಚಾರಣೆಯ ಪುಟ್ಟ ಅಕ್ಷರಕ್ಕೆ ‘ರುಬಿ’ ಎನ್ನುತ್ತಾರೆ. ಸಾದಾ ಪಠ್ಯದಲ್ಲಿ ಇದನ್ನು ಬರೆಯುವ ರೀತಿಯನ್ನು 1997ರಲ್ಲಿ ಆರಂಭವಾದ ಆಓಜೋರಾ ಬುಂಕೊ ಎಂಬ ಡಿಜಿಟಲ್ ಗ್ರಂಥಾಲಯ ಬಳಕೆಗೆ ತಂದಿದೆ: ಕಾಂಜಿಯ ಮುಂಚೆ ಪೂರ್ಣ ಅಗಲದ ಕಂಬಗೆರೆ (｜), ಕಾಂಜಿಯ ನಂತರ ಜೋಡಿ ಕೋನಾವರಣದೊಳಗೆ (《 》) ಉಚ್ಚಾರಣೆ. ಎಷ್ಟೋ ಆ್ಯಪ್‌ಗಳು ಇದನ್ನು ಓದಿಕೊಳ್ಳುತ್ತವೆ. ರುಬಿ ಮೂಡದೆ ಚಿಹ್ನೆಗಳೇ ಕಾಣುತ್ತಿದ್ದರೆ ಕೋನಾವರಣವನ್ನು ಪರೀಕ್ಷಿಸಿ. ಗಣಿತದ ‘ಬಹಳ ಚಿಕ್ಕದು, ಬಹಳ ದೊಡ್ಡದು’ ಚಿಹ್ನೆಗಳು ಅದೇ ರೂಪದವು, ಪರಿವರ್ತನೆಯ ಪಟ್ಟಿಯಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ.

ಇನ್ನು ಸಾಲು ಮುರಿಯುವ ವಿಚಾರ. 20ನೇ ಅಕ್ಷರಕ್ಕೆ ಎಂಟರ್ ಒತ್ತಿ ಸಾಲು ಮುಗಿಸುವುದಕ್ಕಿಂತ ದೊಡ್ಡ ತಪ್ಪಿಲ್ಲ. 40 ಅಕ್ಷರದ ಸಾಲಿಗೆ ಬದಲಿಸಿದ ದಿನ ಪುಟವೆಲ್ಲ ಚಿಂದಿಯಾಗುತ್ತದೆ. ಪ್ಯಾರಾ ಮುಗಿದಾಗ ಮಾತ್ರ ಎಂಟರ್, ಉಳಿದದ್ದು ತಂತ್ರಾಂಶದ ಕೆಲಸ. ಅದು ‘ಕಿನ್ಸೊಕು’ ನಿಯಮಗಳನ್ನು ನೋಡಿಕೊಳ್ಳುತ್ತದೆ: ವಿರಾಮಚಿಹ್ನೆ, ಮುಚ್ಚುವ ಆವರಣ ಸಾಲಿನ ತಲೆಯಲ್ಲಿ ಬರಬಾರದು, ತೆರೆಯುವ ಆವರಣ ಸಾಲಿನ ಬುಡದಲ್ಲಿ ಉಳಿಯಬಾರದು. ಪೂರ್ಣವಿರಾಮ ತಲೆಗೆ ಬರುವ ಹಾಗಿದ್ದರೆ ಮೂರು ದಾರಿ. ಹಿಂದಿನ ಸಾಲಿನ ಬುಡದಾಚೆ ಅದನ್ನು ತೂಗುಹಾಕುವುದು ‘ಬುರಾಸಾಗೆ’. ಹಿಂದಿನ ಸಾಲಿನ ಅಂತರಗಳನ್ನು ಹಿಂಡಿ ಒಳಗೆ ತೂರಿಸುವುದು ‘ಓಯ್ಕೋಮಿ’. ಒಂದು ಅಕ್ಷರವನ್ನೂ ಜೊತೆಗೆ ಮುಂದಿನ ಸಾಲಿಗೆ ತಳ್ಳುವುದು ‘ಓಯ್ದಾಶಿ’. ಚಿಕ್ಕ ಕಾನಾ ಮತ್ತು ದೀರ್ಘಚಿಹ್ನೆಯನ್ನು ಸಾಲಿನ ತಲೆಯಲ್ಲಿ ಬಿಡಬಹುದೇ ಎಂಬುದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಒಂದೇ ಪಠ್ಯ ಎರಡು ಆ್ಯಪ್‌ಗಳಲ್ಲಿ ಬೇರೆ ಬೇರೆ ಪುಟಸಂಖ್ಯೆ ತೋರಿಸುವುದು ಇದರಿಂದಲೇ. ಚೌಕದ ಲೆಕ್ಕ ಕೆಡದಿರಲು ಬುರಾಸಾಗೆ ಒಳ್ಳೆಯದು. ಓಯ್ಕೋಮಿಯಲ್ಲಿ ಆ ಸಾಲಿನ ಅಕ್ಷರಗಳು ಪಕ್ಕದ ಸಾಲಿನವಕ್ಕೆ ಸಮವಾಗಿ ನಿಲ್ಲುವುದಿಲ್ಲ.

ಸ್ಪರ್ಧೆಗಳು ಸಾಮಾನ್ಯವಾಗಿ ಕೇಳುವ ವಿನ್ಯಾಸಗಳಲ್ಲಿ ಒಂದು, ಅಡ್ಡ ಇಟ್ಟ ಎ4 ಹಾಳೆಯಲ್ಲಿ 40 ಅಕ್ಷರದ 30 ಸಾಲು. ಹಾಳೆ 297×210 ಮಿಲಿಮೀಟರ್. 12 ಪಾಯಿಂಟ್ ಅಕ್ಷರ ಅಂದರೆ 4.23 ಮಿ.ಮೀ.; 40 ಸೇರಿ 169 ಮಿ.ಮೀ., ಮೇಲೆ ಕೆಳಗೆ ತಲಾ 20 ಮಿ.ಮೀ. ಅಂಚು ಉಳಿಯುತ್ತದೆ. ಸಾಲಿನಿಂದ ಸಾಲಿಗೆ 8 ಮಿ.ಮೀ. ಇಟ್ಟರೆ 30 ಸಾಲಿಗೆ 240 ಮಿ.ಮೀ., ಎಡಬಲದಲ್ಲಿ ತಲಾ 28.5. ಸಾಲುಗಳ ನಡುವೆ ಸುಮಾರು 10.7 ಪಾಯಿಂಟ್ ಬಿಡುವು ಸಿಗುತ್ತದೆ, 6 ಪಾಯಿಂಟ್‌ನ ರುಬಿ ಸಲೀಸಾಗಿ ಕೂರುತ್ತದೆ. ಸಾಲುಗಳನ್ನು ಇದಕ್ಕಿಂತ ಹತ್ತಿರ ತಂದರೆ ಕೆಲವು ತಂತ್ರಾಂಶಗಳು ರುಬಿಯಿರುವ ಸಾಲನ್ನು ಮಾತ್ರ ಅಗಲಿಸುತ್ತವೆ, ಆ ಪುಟದಲ್ಲಿ 29 ಸಾಲೇ ಉಳಿಯುತ್ತವೆ.

1,200 ಅಕ್ಷರದ ಈ ಪುಟ ಲೆಕ್ಕಕ್ಕೆ 3 ಹಾಳೆಗೆ ಸಮ. ಆದರೆ ಹಾಗೆ ಗುಣಿಸಿ ಹಾಳೆ ಹೇಳಬೇಡಿ. 25 ಅಕ್ಷರದ ಒಂದು ಸಂಭಾಷಣೆ 40ರ ಸಾಲಿನಲ್ಲಿ ಒಂದು ಸಾಲು ಹಿಡಿದರೆ 20ರ ಸಾಲಿನಲ್ಲಿ ಎರಡು ಹಿಡಿಯುತ್ತದೆ. ‘ಹೌದು’ ಎಂಬ ಮಾತು ಎರಡರಲ್ಲೂ ಒಂದೇ ಸಾಲು. ಆ್ಯಪನ್ನು 20×20ಕ್ಕೆ ಬದಲಿಸಿ ಅಲ್ಲಿ ಕಾಣುವ ಹಾಳೆಯ ಸಂಖ್ಯೆಯನ್ನು ಬರೆದುಕೊಳ್ಳಿ, ಮುದ್ರಣಕ್ಕೆ 40×30ಕ್ಕೆ ಹಿಂತಿರುಗಿ. ಬರೆಯುವಾಗಲೂ 20ರ ಸಾಲೇ ಅನುಕೂಲ: ಕೀಬೋರ್ಡ್ ತೆರೆದ ಮೇಲೆ ಉಳಿಯುವ ಅರ್ಧ ಪರದೆಯಲ್ಲಿ ಪೂರ್ತಿ ಸಾಲು ಕಾಣುತ್ತದೆ.

ಐಫೋನ್‌ನಲ್ಲಿ ತಾತೆಶಿಕಿ, ಆಂಡ್ರಾಯ್ಡ್‌ನಲ್ಲಿ ತಾತೆಎಡಿಟರ್ ಲಂಬ ಬರಹಕ್ಕೆಂದೇ ಮಾಡಿದ ಆ್ಯಪ್‌ಗಳು. ಆ್ಯಪಲ್‌ನ ಪೇಜಸ್‌ನಲ್ಲಿ 2019ರಿಂದ ಲಂಬ ಬರಹವಿದೆ. ಗೂಗಲ್ ಡಾಕ್ಸ್‌ನಲ್ಲಿ ಲಂಬ ಬರಹವಿಲ್ಲ, ಅಲ್ಲಿ ಬರೆಯುವವರು ಪಠ್ಯವನ್ನು ಕೊನೆಗೆ ಇಂಥದ್ದೊಂದಕ್ಕೆ ಸಾಗಿಸಲೇಬೇಕು.

ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಜಪಾನಿ ಬರೆಯುವ ಕನ್ನಡಿಗರು ಒಂದು ಕೆಲಸ ಮೊದಲೇ ಮಾಡಬೇಕು. ಜಪಾನಿ, ಚೀನಿ ಭಾಷೆಗಳ ಸಮಾನ ಅಕ್ಷರಕ್ಕೆ ಯೂನಿಕೋಡ್ ಒಂದೇ ಸಂಖ್ಯೆ ಕೊಟ್ಟಿದೆ. ಫೋನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್ ಮಾತ್ರ ಇದ್ದರೆ ಚೀನಿ ರೂಪ ತೋರುವುದುಂಟು. ‘ಮೂಳೆ’ ಎಂಬ ಕಾಂಜಿಯ ಮೇಲ್ಭಾಗದ ಒಳಮೂಲೆಯನ್ನು ಹಿಗ್ಗಿಸಿ ನೋಡಿ: ಜಪಾನಿ ರೂಪದಲ್ಲಿ ಅದು ಬಲಕ್ಕೆ, ಚೀನಿ ರೂಪದಲ್ಲಿ ಎಡಕ್ಕೆ. ಸೆಟ್ಟಿಂಗ್‌ನ ಭಾಷಾ ಪಟ್ಟಿಗೆ ಕನ್ನಡದ ಕೆಳಗೆ ಜಪಾನಿಯನ್ನು ಸೇರಿಸಿದರೆ ಸರಿಹೋಗುತ್ತದೆ. ಹಸ್ತಪ್ರತಿಗೆ ಮಿಂಚೋ ಶೈಲಿಯ (ತೆಳು, ದಪ್ಪ ಗೆರೆಗಳು ಬೆರೆತ) ಫಾಂಟ್ ಆರಿಸಿ. ಐಫೋನಿನಲ್ಲಿ ಹಿರಾಗಿನೊ ಮಿಂಚೋ ಮೊದಲೇ ಇರುತ್ತದೆ.

ಮುದ್ರಣಕ್ಕೆ ಫಾಂಟ್ ಅಡಕವಾದ ಪಿಡಿಎಫ್ ಮಾಡಿ. ಜಪಾನಿನಲ್ಲಿ ಪ್ರಿಂಟರ್ ಇಲ್ಲದವರು ಫೈಲನ್ನು ಫೋನಿನಿಂದ ಅಪ್‌ಲೋಡ್ ಮಾಡಿ, ಸಿಕ್ಕ ಸಂಖ್ಯೆಯನ್ನು ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್‌ನಂಥ ಅಂಗಡಿಯ ಯಂತ್ರದಲ್ಲಿ ಒತ್ತಿ ಹಾಳೆ ಪಡೆಯುತ್ತಾರೆ. ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ಬರಹವನ್ನು ಸ್ವಲ್ಪ ಕುಗ್ಗಿಸುತ್ತದೆ. ಮೊದಲ ಒಂದೇ ಹಾಳೆ ತೆಗೆದು ತುಂಬಿದ ಸಾಲನ್ನು ಸ್ಕೇಲಿನಿಂದ ಅಳೆಯಿರಿ, 169 ಮಿ.ಮೀ. ಇದ್ದರೆ ಉಳಿದದ್ದನ್ನು ತೆಗೆಯಬಹುದು. ಪುಟಸಂಖ್ಯೆ ಕಡ್ಡಾಯ. ಚೌಕದ ಗೆರೆಗಳನ್ನು ಮುದ್ರಿಸಬೇಡಿ, ಓದಲು ಕಷ್ಟವೆಂದು ಎಷ್ಟೋ ಸ್ಪರ್ಧೆಗಳು ಅದನ್ನು ಬೇಡವೆನ್ನುತ್ತವೆ. ಲಂಬ ಬರಹದ ಪುಟ ಬಲದಿಂದ ತೆರೆಯುವುದರಿಂದ ತೂತು ಮಾಡಿ ದಾರ ಕಟ್ಟುವುದು ಬಲ ಅಂಚಿನಲ್ಲಿ.