ಗೋವಾದಲ್ಲಿ ಪರಿಶಿಷ್ಟ ಪಂಗಡ, ಜೋಯಿಡಾದಲ್ಲಿ ಅಲ್ಲ: ಕುಣಬಿಗಳ ಬೇಡಿಕೆಯ ಹಿಂದೆ

ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಕುಣಬಿಗಳು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ದೂರದಿಂದ ನೋಡುವವರಿಗೆ ಇದು ಇನ್ನೊಂದು ಮೀಸಲಾತಿ ಬೇಡಿಕೆ. ಅಲ್ಲಿ ಬದುಕುವವರಿಗೆ ಮಾತ್ರ ಇದು ಕಾಲ ಕೆಳಗಿನ ನೆಲದ ಪ್ರಶ್ನೆ.

ತಾಲೂಕಿನ ವಿಸ್ತೀರ್ಣ ಸುಮಾರು 1,890 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇದ್ದವರು ಐವತ್ತು ಸಾವಿರದ ಆಸುಪಾಸು ಅಷ್ಟೇ. ಬಹುಪಾಲು ಕಾಡು. ಕಾಳಿ ನದಿ ಹುಟ್ಟುವುದೂ ಇಲ್ಲೇ, ಡಿಗ್ಗಿಯ ಹತ್ತಿರ. ಕುಣಬಿಗಳ ಜೊತೆ ಗೌಳಿಗರು, ಮರಾಠರು ಹೀಗೆ ಹಲವರಿದ್ದಾರೆ. ಜನ ಕಡಿಮೆ ಅಂದ್ರೆ ಮತವೂ ಕಡಿಮೆ. ವಿಧಾನಸಭೆಗೆ ಜೋಯಿಡಾ ಹಳಿಯಾಳ ಕ್ಷೇತ್ರದ ಒಂದು ಭಾಗ.

ಕುಣಬಿಗಳ ಮನೆಮಾತು ಕೊಂಕಣಿ. ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ಘಟ್ಟ ಹತ್ತಿ ಬಂದವರು ನಾವು ಎಂದು ಹಿರಿಯರು ಹೇಳುತ್ತಾರೆ. ಬಂದವರು ಕುಮರಿ ಬೇಸಾಯ ಮಾಡಿದರು: ಒಂದು ತುಂಡು ಕಾಡು ಕಡಿದು ಸುಟ್ಟು, ಕೆಲವು ವರ್ಷ ಬೆಳೆ ತೆಗೆದು, ಅದನ್ನು ಬಿಟ್ಟು ಮುಂದೆ ಹೋಗುವುದು. 19ನೇ ಶತಮಾನದಲ್ಲಿ ಸಾಗವಾನಿ ಮೇಲೆ ಕಣ್ಣಿಟ್ಟ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿದರು. ಕಾಡು ಸರಕಾರದ್ದಾಯಿತು, ಅದರೊಳಗಿನ ಮನೆ ಗದ್ದೆಗಳು ಹಾಗೇ ಉಳಿದವು. ಇವತ್ತು ಕಾಗದದ ಭಾಷೆಯಲ್ಲಿ ಅಂಥವರ ಹೆಸರು 'ಅರಣ್ಯ ಅತಿಕ್ರಮಣದಾರ'.

ಆ ಅತಿಕ್ರಮಣ ಎಂಥದ್ದು ಅಂತ ಒಮ್ಮೆ ನೋಡಬೇಕು. ಮನೆ ಪಕ್ಕದ ಚಿಕ್ಕ ಹಿತ್ತಿಲು. ಮಣ್ಣು ಏರಿಸಿ ನೆಟ್ಟ ಮುಡ್ಲಿ, ಕೆಸುವಿನ ಜಾತಿಯ ದೊಡ್ಡ ಗಡ್ಡೆ. ಮಳೆ ಮುಗಿದು ಎಲೆ ಒಣಗಿದ ಮೇಲೆ ಅಗೆದರೆ ತಿಂಗಳುಗಟ್ಟಲೆ ಊಟಕ್ಕಾಗುತ್ತದೆ. ಜೋಯಿಡಾದ ಗಡ್ಡೆ ಗೆಣಸು ಮೇಳಕ್ಕೆ ಹೋದವರು ಒಬ್ಬೊಬ್ಬ ಹೆಂಗಸಿನ ಮುಂದೆ ಎಷ್ಟು ಬಗೆಯ ಗಡ್ಡೆ ಇರುತ್ತವೆ ಎಂದು ನೋಡಿಯೇ ಇರುತ್ತಾರೆ. ಇಷ್ಟೊಂದು ತಳಿ ಕಾಪಾಡಿದ ಹಿತ್ತಿಲಿಗೇ ಎಷ್ಟೋ ಕಡೆ ಪಹಣಿ ಇಲ್ಲ.

ಸ್ವಾತಂತ್ರ್ಯದ ನಂತರ ಅಣೆಕಟ್ಟು ಬಂತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ಸುಮಾರು 147 ಟಿಎಂಸಿ ನೀರು ನಿಲ್ಲುತ್ತದೆ. ಈ ತಾಲೂಕಿಗೆ ಮೊದಲು ಹೆಸರು ಕೊಟ್ಟಿದ್ದ ಸೂಪಾ ಊರೇ ಮುಳುಗಿತು. ಮನೆ ಕಳೆದುಕೊಂಡ ಹಲವರು ರಾಮನಗರಕ್ಕೆ ಹೋದರು. 2011ರ ಜನಗಣತಿಯಲ್ಲೂ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ಆಮೇಲೆ ಹುಲಿ ಯೋಜನೆ. ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ದಾಂಡೇಲಿ ಅಭಯಾರಣ್ಯವನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಿಟ್ಟರು.

ಇಷ್ಟರ ನಡುವೆ ಕುಣಬಿಗಳಿಗೆ ಪಂಗಡದ ಪಟ್ಟಿ ಯಾಕೆ ಮುಖ್ಯವಾಯಿತು? 2006ರ ಅರಣ್ಯ ಹಕ್ಕು ಕಾಯ್ದೆಯಿಂದ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದವರಿಗೆ ಅದು ಹಕ್ಕು ಕೊಡುತ್ತದೆ. ಪರಿಶಿಷ್ಟ ಪಂಗಡದವರಾದರೆ ಅಷ್ಟು ತೋರಿಸಿದರೆ ಸಾಕು. ಉಳಿದವರು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಎಂದೂ ಸಾಬೀತು ಮಾಡಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಆಗ ಇದು ಮುಂಬೈ ಪ್ರಾಂತ್ಯ. ಕಾಡಿನೊಳಗಿನ ಹಟ್ಟಿಯಲ್ಲಿ ಯಾರು ಕಾಗದ ಇಟ್ಟುಕೊಂಡಿದ್ದರು? ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಪರಿಗಣಿಸಿ ಎಂದು ನಿಯಮವೇ ಹೇಳುತ್ತದೆ. ಆ ಸಾಕ್ಷಿಗೆ ಸಿಗಬೇಕಾದ ಬೆಲೆ ಸಿಗಬೇಕು, ಅಲ್ವಾ?

ಗಡಿಯಾಚೆ ನೋಡಿದರೆ ನೋವು ಜಾಸ್ತಿಯಾಗುತ್ತದೆ. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ಗೋವಾದ ಕುಣಬಿ, ಗಾವಡಾ, ವೇಳಿಪರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅದೇ ಕಾಯ್ದೆ ಉತ್ತರ ಕನ್ನಡದ ಸಿದ್ದಿಗಳನ್ನೂ ಸೇರಿಸಿತು. ಅದು ನ್ಯಾಯವೇ. ಆದರೆ ಜೋಯಿಡಾದ ಕುಣಬಿ ಹೊರಗೆ ಉಳಿದ. ಪಟ್ಟಿ ಮಾಡುವುದು ರಾಜ್ಯವಾರು. ಹಾಗಾಗಿ ಘಟ್ಟದ ಕೆಳಗಿನ ನೆಂಟನಿಗೆ ಇರುವ ಗುರುತು ಘಟ್ಟದ ಮೇಲಿನವನಿಗೆ ಇಲ್ಲ. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, 1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಈ ಗೆರೆಗಳನ್ನು ಎಳೆಯುವಾಗ ಕುಣಬಿಯನ್ನು ಯಾರೂ ಕೇಳಿರಲಿಲ್ಲ.

ಪಂಚಾಯ್ತಿಯ ಕೈಯೂ ಕಟ್ಟಿದೆ. ರಸ್ತೆ, ಶಾಲೆ, ವಿದ್ಯುತ್ ಲೈನಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿನೊಳಗೆ ಅರಣ್ಯ ಭೂಮಿ ಕೊಡಬಹುದು ಎಂದು ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ಷರತ್ತೆಂದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಇಂಥ ದಟ್ಟ ಕಾಡಲ್ಲಿ ಒಂದು ದಾರಿ ಮಾಡಲೂ ಅದು ಸುಲಭವಲ್ಲ.

ಈಗ ಹುಲಿ ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಕೊಡುತ್ತಾರೆ. ಮೊದಲು 10 ಲಕ್ಷ ಇತ್ತು. ಮಕ್ಕಳ ಓದು, ಆಸ್ಪತ್ರೆ ಎಂದು ಹೊರಡುವವರನ್ನು ತಪ್ಪು ಎನ್ನಲಾಗದು. ಆದರೆ ಕಾನೂನಿನಲ್ಲಿ ಒಂದು ಕ್ರಮವಿದೆ: ಮೊದಲು ಅರಣ್ಯ ಹಕ್ಕಿನ ಅರ್ಜಿಗಳು ಇತ್ಯರ್ಥವಾಗಬೇಕು, ಗ್ರಾಮಸಭೆ ಎಲ್ಲ ತಿಳಿದು ಲಿಖಿತ ಒಪ್ಪಿಗೆ ಕೊಡಬೇಕು, ಸ್ಥಳಾಂತರ ಆಮೇಲೆ. ಹಕ್ಕುಪತ್ರ ಕೈಗೆ ಬಂದ ಮೇಲೆ ಉಳಿಯುತ್ತೀರಾ, ಹೊರಡುತ್ತೀರಾ ಎಂದು ಕೇಳಿದರೆ ಮಾತ್ರ ಅದು ಸ್ವಇಚ್ಛೆ.