ಏರಿಯ ಬುಡದಲ್ಲಿ ನೀರು ಒಸರುತ್ತಿದೆ, ಕೆರೆ ಖಾಲಿ ಮಾಡಬೇಕೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಮಣ್ಣಿನ ಏರಿಯ ಸಣ್ಣ ಕೆರೆಯಿದೆ. ಕಾಟ್ಲಾ, ರೋಹು ಬಿಟ್ಟಿದ್ದೇವೆ. ನೀರುಕಾಗೆ, ನೀರುಕೋಳಿ ಬರುತ್ತವೆ, ನೀರುನಾಯಿಯೂ ಕಂಡಿದೆ. ಈ ಮಳೆಗಾಲದಲ್ಲಿ ಗದ್ದೆಯ ಕಡೆ ಏರಿಯ ಬುಡ ಒಸರತೊಡಗಿದೆ. ಏರಿ ಕಡಿದು ನೀರು ಬಿಟ್ಟುಬಿಡಬೇಕೇ?

ಉತ್ತರ: ದಯವಿಟ್ಟು ಏರಿ ಕಡಿಯಬೇಡಿ. ಕಡಿದ ಜಾಗವನ್ನು ನೀರೇ ಅಗಲ ಮಾಡಿಕೊಳ್ಳುತ್ತದೆ, ಆಮೇಲೆ ಅದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಮೊದಲು ಒಸರುವ ನೀರಿನ ಬಣ್ಣ ನೋಡಿ.

ಮಣ್ಣಿನ ಏರಿ ಎಂದ ಮೇಲೆ ಅಷ್ಟಿಷ್ಟು ಒಸರುವುದು ಸಹಜ. ನೀರು ತಿಳಿಯಾಗಿದ್ದು, ಕೆರೆ ತುಂಬಿದಾಗ ಹೆಚ್ಚಿ ಇಳಿದಾಗ ಕಮ್ಮಿಯಾದರೆ ಕಾಯಬಹುದು. ಮಳೆ ಬಿಟ್ಟ ಹೊತ್ತಿನಲ್ಲಿ ಒಂದು ಬಾಟಲಿಗೆ ಹಿಡಿದು ಗಂಟೆ ಹೊತ್ತು ಇಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಏಡಿ, ಹೆಗ್ಗಣದ ಬಿಲ, ಕೊಳೆತ ಬೇರಿನ ಪೊಳ್ಳು, ಸರಿಯಾಗಿ ದಮ್ಮಸು ಮಾಡದೆ ಹೂತ ಪೈಪಿನ ಪಕ್ಕ, ಎಲ್ಲಿಂದಲಾದರೂ ಅದು ಶುರುವಾಗಬಹುದು. ಇದನ್ನು ನಾಳೆಗೆ ಬಿಡುವಂತಿಲ್ಲ. ಅಮೆರಿಕದ ಟೀಟನ್ ಎಂಬ ದೊಡ್ಡ ಮಣ್ಣಿನ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಗ್ಗೆ ಕೆಸರು ನೀರು ಕಾಣಿಸಿಕೊಂಡಿತು. ಮಧ್ಯಾಹ್ನ 12 ಆಗುವುದರೊಳಗೆ ಅಣೆಕಟ್ಟು ಒಡೆದಿತ್ತು. ಕೆಳಗೆ ತೋಟದ ಕೆಲಸಗಾರರ ಲೈನ್ ಮನೆಗಳಿದ್ದರೆ ಮೊದಲು ಅಲ್ಲಿಯ ಜನರನ್ನು ಮೇಲಕ್ಕೆ ಕರೆತನ್ನಿ, ತಾಲ್ಲೂಕು ಕಚೇರಿಗೆ ತಿಳಿಸಿ, ತೂಬಿನಿಂದಲೋ ಪಂಪಿನಿಂದಲೋ ನೀರು ಇಳಿಸಿ.

ಒಸರು ತಿಳಿಯಾಗಿದ್ದರೆ ಆತುರ ಬೇಡ. ದಿನಕ್ಕೆ ಅರ್ಧ ಅಡಿಯಂತೆ ಇಳಿಸಿದರೆ ಸಾಕು. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಕುಸಿಯುತ್ತದೆ, ಮೀನಿಗೂ ಉಸಿರು ಕಟ್ಟುತ್ತದೆ. ನಡುವೆ ಐದಾರು ಅಡಿ ಆಳದ ಗುಂಡಿ ಇದ್ದರೆ ಮೀನು ಅಲ್ಲಿ ಸೇರಿಕೊಳ್ಳುತ್ತವೆ, ಹಕ್ಕಿಗಳಿಗೂ ನೀರು ಉಳಿಯುತ್ತದೆ.

ಹೊರಗಿನಿಂದ ಜೇಡಿಮಣ್ಣು ಮೆತ್ತಿ ಒಸರನ್ನು ಮುಚ್ಚುವವರು ಬಹಳ. ಅದು ತಪ್ಪು. ನೀರು ಒಳಗೇ ನಿಂತು ಏರಿಯನ್ನು ಮೆತ್ತಗೆ ಮಾಡಿ ಇನ್ನೊಂದು ಕಡೆ ದಾರಿ ಹುಡುಕುತ್ತದೆ. ಅದರ ಬದಲು ಒಸರುವ ಜಾಗದ ಮೇಲೆ ತೊಳೆದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ. ನೀರು ಹೊರಗೆ ಬರಬೇಕು, ಮಣ್ಣು ಬರಬಾರದು. ಜೇಡಿಮಣ್ಣಿನ ಕೆಲಸವೇನಿದ್ದರೂ ಕೆರೆಯ ಒಳಮೈಯಲ್ಲಿ, ಬೇಸಿಗೆಯಲ್ಲಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ನೀರು ಇಳಿದಾಗ ಒಳಮೈಯ ಬಿರುಕು, ಬಿಲ ಎಲ್ಲ ಕಣ್ಣಿಗೆ ಬೀಳುತ್ತವೆ. ಅಗೆದು, ಹದವಾಗಿ ನೆನೆಸಿದ ಜೇಡಿಯನ್ನು ಅರ್ಧರ್ಧ ಅಡಿ ಹಾಕಿ ದಮ್ಮಸು ಮಾಡಿ. ಏರಿಯ ಮೇಲೆ ಹುಲ್ಲು ಮಾತ್ರ ಇರಲಿ. ಹಕ್ಕಿಗೆ ಬೇಕಾದ ಪೊದೆ, ಮರಗಳನ್ನು ಎದುರು ದಡದಲ್ಲಿ ಬೆಳೆಸಿ.

ನೀವು ಕೇಳದಿದ್ದರೂ ಕೋಡಿಯ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿಯ, ವಿಷಯ ಹೇಳಲೇಬೇಕು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಯ ಬಾಯಿಗೇ ಬಲೆ ಕಟ್ಟುತ್ತಾರೆ. ಪುನರ್ವಸು, ಪುಷ್ಯ ಮಳೆಯಲ್ಲಿ ಸಿಲ್ವರ್ ಓಕ್ ಎಲೆ ಬಂದು ಅದಕ್ಕೆ ಅಂಟಿ, ರಾತ್ರಿ ಕಳೆಯುವುದರೊಳಗೆ ನೀರು ಏರಿಯ ಮೇಲೆ ಹತ್ತಿ ಹರಿಯುತ್ತದೆ. ಒಸರಿಗಿಂತ ನನಗೆ ಇದರದೇ ಹೆಚ್ಚು ಭಯ. ಬಲೆಯನ್ನು ಕೋಡಿಯಿಂದ ಹತ್ತಿಪ್ಪತ್ತು ಅಡಿ ಒಳಗೆ, ಕೆರೆಯಲ್ಲೇ ಅರ್ಧಚಂದ್ರದಂತೆ ಅಗಲವಾಗಿ ನಿಲ್ಲಿಸಿ. ಎಲೆ ಅಂಟಿದರೂ ನೀರಿಗೆ ಜಾಗ ಉಳಿಯುತ್ತದೆ. ಜೋರು ಮಳೆಯ ದಿನ ಸಂಜೆ ಮತ್ತು ಬೆಳಗ್ಗೆ ಒಬ್ಬರು ಹೋಗಿ ಬಲೆಗೆ ಅಂಟಿದ ಎಲೆ ಬಳಿದು ಬರಲಿ.