ಕಾಟರಿ: ಸುಟ್ಟದ್ದೆಲ್ಲ ಕಾಟರಿಯಲ್ಲ

ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಆರೋಗ್ಯ ಬರಹಗಳಲ್ಲಿ ‘ಕಾಟರಿ’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ವರಾಂಡದಲ್ಲಿ ರೋಗಿಯ ಮನೆಯವರು ‘ಕರೆಂಟ್ ಹಚ್ಚಿ ಸುಟ್ಟಾರಂತ್ರಿ’ ಎಂದರೆ ತಕರಾರಿಲ್ಲ. ತಿಳಿದು ಬರೆಯುವವರೂ ಅಷ್ಟಕ್ಕೇ ನಿಂತರೆ ಸುಮ್ಮನಿರುವುದು ಕಷ್ಟ.

ಗ್ರೀಕ್ ಮೂಲದ ಈ ಪದಕ್ಕೆ ಬರೆ ಹಾಕುವ ಕಬ್ಬಿಣವೆಂದು ಅರ್ಥ. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಎತ್ತಿಗೆ ಬರೆ ಹಾಕುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ. ಸುಶ್ರುತ ಸಂಹಿತೆಯು ರಕ್ತ ನಿಲ್ಲಿಸಲು ಸಂಧಾನ (ಗಾಯ ಕೂಡಿಸುವುದು), ಸ್ಕಂದನ (ರಕ್ತ ಗಟ್ಟಿಯಾಗಿಸುವುದು), ಪಾಚನ (ಭಸ್ಮ ಹಚ್ಚುವುದು), ದಹನ (ಸುಡುವುದು) ಎಂಬ ನಾಲ್ಕು ಉಪಾಯಗಳನ್ನು ಹೇಳಿ, ಉಳಿದವು ಸೋತಾಗ ದಹನಕ್ಕೆ ಕೈಹಾಕಬೇಕೆನ್ನುತ್ತದೆ. ನಿಜವಾದ ಕಾಟರಿ ಈ ದಹನವೇ. ಅದರಲ್ಲಿ ಕಾಯುವುದು ಉಪಕರಣದ ತುದಿ. ಇಂದು ಆ ಹೆಸರಿನಿಂದ ಕರೆಯುವ ಯಂತ್ರ ಬಹುಪಾಲು ಡಯಾಥರ್ಮಿ. ಅಲ್ಲಿ ಅಧಿಕ ಆವರ್ತನದ ವಿದ್ಯುತ್ತು ದೇಹದ ಮೂಲಕವೇ ಹರಿದು, ತುದಿ ತಾಗಿದಲ್ಲಿ ಅಂಗಾಂಶವೇ ಕಾಯುತ್ತದೆ. ತೊಡೆಗೆ ಅಂಟಿಸುವ ಪ್ಲೇಟ್ ಆ ವಿದ್ಯುತ್ತು ಮರಳುವ ದಾರಿ. ಬೈಪೋಲಾರ್ ಎಂಬ ಬಗೆಯ ಡಯಾಥರ್ಮಿಯಲ್ಲಿ ವಿದ್ಯುತ್ತು ಚಿಮಟಿಗೆಯ ಎರಡು ತುದಿಗಳ ನಡುವೆಯೇ ಹರಿಯುವುದರಿಂದ ಪ್ಲೇಟಿನ ಅಗತ್ಯವಿಲ್ಲ. ಅಲ್ಟ್ರಾಸಾನಿಕ್ ಕತ್ತರಿಯಂತೂ ದೇಹಕ್ಕೆ ವಿದ್ಯುತ್ತನ್ನೇ ಹರಿಸದೆ, ಸೆಕೆಂಡಿಗೆ ಸುಮಾರು 55,000 ಬಾರಿ ಕಂಪಿಸುವ ಅಲಗಿನಿಂದ ರಕ್ತನಾಳವನ್ನು ಬೆಸೆದು ಕತ್ತರಿಸುತ್ತದೆ. ಅದನ್ನೂ ಕಾಟರಿ ಎನ್ನುವವರಿಗೆ ಏನು ಹೇಳುವುದು!

ಇದು ಬರೀ ಪದದ ಜಗಳವಲ್ಲ. ಧ್ವನಿಪೆಟ್ಟಿಗೆಯನ್ನು ಆಡಿಸುವ ನರವು ಥೈರಾಯ್ಡಿನ ಕೆಳ ಅಪಧಮನಿಗೆ ತಾಗಿದಂತೆಯೇ ಸಾಗುತ್ತದೆ. ಬಿಸಿ ಅತ್ತ ಹರಡಿದರೆ ದನಿ ಒಡೆಯಬಹುದು. ಆದ್ದರಿಂದ ನರದ ಬಳಿ ಬರುತ್ತಲೇ ಅನೇಕ ಶಸ್ತ್ರಚಿಕಿತ್ಸಕರು ಯಂತ್ರವನ್ನು ಬದಿಗಿಟ್ಟು ದಾರ ಅಥವಾ ಕ್ಲಿಪ್ ಹಿಡಿಯುತ್ತಾರೆ. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರಚಿಕಿತ್ಸಕ ಥಿಯೋಡರ್ ಕೋಚರ್, ನಾಳಗಳನ್ನು ತಾಳ್ಮೆಯಿಂದ ಹಿಡಿದು ದಾರದಿಂದ ಕಟ್ಟಿಯೇ ಸಾವುಗಳನ್ನು ಇಳಿಸಿದವರು. ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಕುಶಿಂಗ್ ಮತ್ತು ವಿಜ್ಞಾನಿ ಬೋವಿ ವಿದ್ಯುತ್ ಯಂತ್ರವನ್ನು ಶಸ್ತ್ರಚಿಕಿತ್ಸೆಗೆ ತಂದದ್ದು ಆಮೇಲೆ, 1926ರಲ್ಲಿ.

ಹೊಲಿಗೆ ಹಾಕುವ ಮುನ್ನ ಅರಿವಳಿಕೆ ತಜ್ಞರು ಶ್ವಾಸಕೋಶದ ಒತ್ತಡವನ್ನು ಕೆಲ ಕ್ಷಣ ಏರಿಸುವುದುಂಟು. ಆಗ ಕತ್ತಿನ ಸಿರೆಗಳು ಉಬ್ಬಿ, ಅಡಗಿದ್ದ ಸೋರಿಕೆ ಕಣ್ಣಿಗೆ ಬೀಳುತ್ತದೆ. ಮುಂದಿನ 24 ಗಂಟೆಗಳಲ್ಲಿ ಒಳಗೆ ರಕ್ತ ಶೇಖರವಾದರೆ ಉಸಿರೇ ಕಟ್ಟಬಹುದು. ಒಳಗಿನ ರಕ್ತವನ್ನು ಹೊರಬಿಡುವ ಡ್ರೈನ್ ನಳಿಕೆ ಇದೆಯೆಂಬ ಧೈರ್ಯ ಸಾಲದು, ಅದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಬಹುದು. ಕತ್ತು ಬಿಗಿದು ಊದಿ ಉಸಿರಾಟ ಕಷ್ಟವಾದರೆ ವಾರ್ಡಿನ ಮಂಚದ ಮೇಲೆಯೇ ಹೊಲಿಗೆ ಬಿಚ್ಚಬೇಕಾಗುತ್ತದೆ.